ನೂರು ಸುತ್ತು, ಒಂದೇ ಜಾಗ

ಈ ಸಂಗತಿಯನ್ನು ಇದುವರೆಗೆ ಮೂರು ಸಲ ಬೇರೆಬೇರೆಯವರ ಮುಂದೆ ಹೇಳಿದ್ದೇನೆ. ಪ್ರತಿ ಸಲವೂ ನಾನು ಹಿಂದಿನ ಸಲಕ್ಕಿಂತ ಸ್ವಲ್ಪ ಒಳ್ಳೆಯವಳಾಗುತ್ತ ಬಂದೆ. ಮೂರನೆಯ ಸಲದ ಹೊತ್ತಿಗೆ ನನ್ನ ತಪ್ಪನ್ನು ನಾನೇ ಹಿಡಿದು, ಅದೇ ದಿನ ಒಪ್ಪಿಕೊಂಡೂ ಆಗಿತ್ತು. ಆಮೇಲೆ ಆ ವರ್ಷದ ಡೈರಿ ತೆಗೆದು ನೋಡಿದರೆ ಹಾಗಿಲ್ಲ. ಆದ್ದರಿಂದ ಈ ಸಲ ಡೈರಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಇಲ್ಲದ್ದನ್ನು ನೆನಪಿನಿಂದ ಸೇರಿಸುವಾಗ ಹಾಗೆಂದು ಹೇಳುತ್ತೇನೆ.

ಆಗ ನಾನು ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಯಂತ್ರವನ್ನು ಮುಟ್ಟದೆ, ಲೇಸರ್ ಬೆಳಕಿನಿಂದ ಅದರ ನಡುಕ ಅಳೆಯುವ ಉಪಕರಣ ಮಾಡುತ್ತಿದ್ದೆವು. ಕಿರಣವನ್ನು ಎರಡಾಗಿ ಸೀಳಿ ಒಂದನ್ನು ಪೆಟ್ಟಿಗೆಯೊಳಗೇ ಇಟ್ಟುಕೊಳ್ಳುತ್ತೇವೆ, ಇನ್ನೊಂದನ್ನು ಯಂತ್ರದ ಮೇಲೆ ಬಿಡುತ್ತೇವೆ. ಹೋಗಿ ಮರಳಿದ ಬೆಳಕು ಒಳಗಿನದರ ಜೊತೆ ಸೇರಿದಾಗ ಎರಡು ಅಲೆಗಳೂ ಒಮ್ಮೆ ಕೂಡಿ ಬೆಳಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆ ಬೆಳಕು ಮಬ್ಬಿನ ಓಟವನ್ನು ಓದಿ ಮೇಲ್ಮೈ ಎಷ್ಟು ವೇಗವಾಗಿ ಹಿಂದೆಮುಂದೆ ಆಡುತ್ತಿದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ನನ್ನ ಪಾಲಿನ ಕೆಲಸ.

ಕನ್ನಡಿಯ ಮೇಲಾದರೆ ಇದು ಸುಲಭ. ಕಾರ್ಖಾನೆಯಲ್ಲಿ ಕನ್ನಡಿ ಎಲ್ಲಿರುತ್ತದೆ? ತುಕ್ಕು, ಗೀರು, ಒಣಗಿದ ಎಣ್ಣೆ. ಸುಣ್ಣ ಹೊಡೆದ ಗೋಡೆಯ ಮೇಲೆ ಲೇಸರ್ ಬಿಟ್ಟು ನೋಡಿದವರಿಗೆ ಗೊತ್ತು, ಆ ಚುಕ್ಕೆ ನಯವಾಗಿರುವುದಿಲ್ಲ, ರವೆ ಚೆಲ್ಲಿದ ಹಾಗೆ ಮಿನುಗುತ್ತದೆ. ಒಂದು ಕಾಳು ಬೆಳಕು, ಪಕ್ಕದ ಕಾಳು ಕತ್ತಲೆ. ಒರಟು ಮೇಲ್ಮೈಯ ಒಂದೊಂದು ಉಬ್ಬಿನಿಂದಲೂ ಬೇರೆಬೇರೆಯಾಗಿ ಮರಳುವ ಬೆಳಕು ತನ್ನೊಳಗೇ ಕೂಡಿ ಕಳೆದು ಹೀಗಾಗುತ್ತದೆ. ನಮ್ಮ ಆಫೀಸಿನಲ್ಲಿ ಇದರ ಹೆಸರೇ ರವೆ. ಇಟ್ಟವರು ಮಾಲೀಕರು. ಅವರ ಅಣ್ಣತಮ್ಮಂದಿರೆಲ್ಲ ಉಡುಪಿಯ ಕಡೆಯಿಂದ ಬಂದು ಹೋಟೆಲ್ ಇಟ್ಟವರು. "ಅಣ್ಣ ರವೆ ಇಡ್ಲಿ ಮಾಡಿ ಬಿಲ್ಡಿಂಗ್ ಕಟ್ಟಿದ. ನಾನು ರವೆ ಆರಿಸ್ತಾ ಕೂತಿದ್ದೇನೆ" ಎಂದು ಯಾರಾದರೂ ಬಂದಾಗೆಲ್ಲ ಹೇಳುತ್ತಿದ್ದರು.

ಗಣಪತಿ ಮುಗಿದ ವಾರ ನವಿ ಮುಂಬೈಯ ಒಂದು ರಾಸಾಯನಿಕ ಕಾರ್ಖಾನೆಯಿಂದ ಕರೆ ಬಂತು. ಅಲ್ಲಿ ಪುಡಿ ಒಣಗಿಸಲು ಬಿಸಿಗಾಳಿ ಊದುವ ದೊಡ್ಡ ಬ್ಲೋವರ್ ಇತ್ತು. ಹಿಂದಿನ ತಿಂಗಳು ಬಿಚ್ಚಿ ಜೋಡಿಸಿದ್ದರು. ಜೋಡಿಸಿದ ಮೇಲೆ ನಡುಗುತ್ತಿತ್ತು. ಅದರ ಶಾಫ್ಟ್, ಎಂದರೆ ನಡುವಿನ ದಪ್ಪ ಕಬ್ಬಿಣದ ಅಚ್ಚು, ಸೊಟ್ಟಗಾಗಿದೆಯೇ ಎಂಬುದು ಪ್ರಶ್ನೆ. ಬಿಸಿಯಾದ್ದರಿಂದ ಅಂಟಿಸುವ ಸೆನ್ಸರ್ ನಿಲ್ಲುತ್ತಿರಲಿಲ್ಲ. ನಮ್ಮದು ಚೆನ್ನಾಗಿ ಅಳೆದರೆ ಎರಡು ಉಪಕರಣ ಕೊಳ್ಳುವುದಾಗಿ ಅಲ್ಲಿನ ಮೇಂಟೆನೆನ್ಸ್ ಮ್ಯಾನೇಜರ್ ಹೇಳಿದ್ದರು.

ಕಲ್ಯಾಣ ಶಿಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಬೆಳಗು ಕಳೆದು ನಾನೂ ಮಾಲೀಕರೂ ಅಲ್ಲಿ ಮುಟ್ಟಿದೆವು. ಮ್ಯಾನೇಜರ್ ಚುರುಕಿನ ಮನುಷ್ಯ, ಮಾತೆಲ್ಲ ಹಿಂದಿ. "ಶಾಫ್ಟ್ ಟೇಢಾ ಹೈ ಕಿ ನಹೀ? ಹಾಂ ಯಾ ನಾ, ಬಸ್" ಎಂದು, ಸೊಟ್ಟ ಹೌದೋ ಅಲ್ಲವೋ ಅಷ್ಟನ್ನೇ ಕೇಳಿ, ನಮ್ಮನ್ನು ಬ್ಲೋವರಿನ ಬಳಿ ಬಿಟ್ಟು ಹೋದರು. ಅಲ್ಲಿ ಐವತ್ತು ದಾಟಿದ ಒಬ್ಬ ಫಿಟ್ಟರ್ ನಿಂತಿದ್ದರು. ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು. ಬ್ಲೋವರನ್ನು ಬಿಚ್ಚಿ ಜೋಡಿಸಿದವರು ಅವರೇ.

ನಾನು ಟ್ರೈಪಾಡ್ ನಿಲ್ಲಿಸಿ ಲೇಸರ್ ಕೂರಿಸಿದೆ. ಪರದೆಯ ಮೇಲೆ ಗೆರೆ ಹುಚ್ಚೆದ್ದು ಕುಣಿಯಿತು. ಹಿಂದಿನಿಂದ ಯಾರೋ ಗೊಣಗಿದರು.

"ಈ ಮೂರಕಾಲಿನ ಕುದರಿನ ತಾನ ನಡಗಾಕತ್ತೈತಿ. ಇದೇನ್ ಇನ್ನೊಬ್ಬರ ನಡುಕಾ ಅಳೀತೈತೊ."

ನಾನು ತಿರುಗಿ ನಕ್ಕೆ. ಮಿಸ್ತ್ರಿ ಪೆಚ್ಚಾದರು. "ಮೇಡಂ ಕನ್ನಡದವರೇನ್ರಿ? ತಪ್ಪಾತ್ರಿ."

"ತಪ್ಪೆಂತದು, ಸರಿಯಾಗೇ ಹೇಳಿದ್ರಿ. ನೆಲವೇ ನಡುಗ್ತಾ ಉಂಟಲ್ಲ."

ಅವರು ಹೋಗಿ ಮೂರು ಸಣ್ಣ ಮರಳಿನ ಚೀಲ ಹೊತ್ತು ತಂದರು. ಟ್ರೈಪಾಡಿನ ಒಂದೊಂದು ಕಾಲಿನ ಕೆಳಗೂ ಒಂದೊಂದು ಇಟ್ಟು, ಅಂಗೈಯಿಂದ ಒತ್ತಿ ಕೂರಿಸಿದರು. ಗೆರೆ ಅರ್ಧ ಶಾಂತವಾಯಿತು. ತಮ್ಮ ಕೆಲಸವನ್ನು ಪರೀಕ್ಷಿಸಲು ಬಂದವರ ಉಪಕರಣಕ್ಕೆ ಅವರು ಮೊದಲು ಮಾಡಿದ ಉಪಕಾರ ಇದು. ಇದು ಡೈರಿಯಲ್ಲಿದೆ. ಕೆಲಸ ಮಾಡುತ್ತಲೇ ಅವರು ಹೇಳಿದ್ದೂ ಇದೆ: "ಶಾಫ್ಟ್ ನೆಟ್ಟಗ ಐತ್ರಿ, ಅಕ್ಕಾರ. ನಾ ಡಯಲ್ ಹಚ್ಚಿ ನೋಡೀನಿ. ಆ ಮೂಲ್ಯಾಗಿನ ಕಾಲು ಸಡಲ ಐತಿ, ಕೆಳಗಿನ ಸಿಮೆಂಟ್ ಒಡದೈತಿ. ಅದನ್ನ ಕಟ್ಟಸಬೇಕಂದ್ರ ಮಶೀನ್ ನಾಕ್ ದಿನಾ ಬಂದ್ ಮಾಡಬೇಕು. ಸಾಹೇಬ್ರಿಗೆ ಅದು ಬ್ಯಾಡಾಗೇತಿ."

ಅವರ ಮಾತನ್ನು ಬರೆದುಕೊಂಡೆ. ಆದರೆ ಪಕ್ಕದಲ್ಲಿ ನನ್ನದೇ ಕೈಯಲ್ಲಿ 'ತನ್ನ ಕೆಲಸವನ್ನು ಸಮರ್ಥಿಸುತ್ತಿದ್ದಾರೆ, ಸಹಜ' ಎಂದೂ ಇದೆ.

ಆ ದಿನ ಅಳತೆ ಸಿಗಲಿಲ್ಲ. ಶಾಫ್ಟ್ ತಿರುಗಿದಂತೆ ರವೆಯ ಕಾಳುಗಳು ನಮ್ಮ ಸೆನ್ಸರಿನ ಮುಂದೆ ಸರಸರ ಓಡುತ್ತವೆ. ಕತ್ತಲೆಯ ಕಾಳು ಬಂದಾಗ ಸಿಗ್ನಲ್ ಸತ್ತೇಹೋಗುತ್ತದೆ, ಮತ್ತೆ ಬೆಳಕು ಬರುವಾಗ ಅಲೆ ಎಲ್ಲಿತ್ತು ಎಂಬ ಗುರುತು ತಪ್ಪಿರುತ್ತದೆ. ಪ್ರೋಗ್ರಾಮಿಗೆ ಅದು ಮೇಲ್ಮೈಯೇ ಜಿಗಿದ ಹಾಗೆ ಕಾಣುತ್ತದೆ. ಹೀಗೆ ಸುಳ್ಳು ಜಿಗಿತಗಳು ಮುಳ್ಳಿನ ಬೇಲಿಯಂತೆ ಪರದೆ ತುಂಬಿದವು.

ಮುಂದಿನ ಎರಡು ವಾರ ಡೊಂಬಿವಲಿಯಲ್ಲಿ ಎರಡು ಕೆಲಸ ಮಾಡಿದೆ. ಒಂದು, ಬೆಳಕು ತೀರ ಕಡಿಮೆಯಾದ ಕ್ಷಣಗಳನ್ನು ಗುರುತಿಸಿ, ಆ ಹೊತ್ತಿನ ಲೆಕ್ಕವನ್ನು ನಂಬದಿರುವುದು. ಇನ್ನೊಂದು, ನೂರು ಸುತ್ತುಗಳ ಅಳತೆಯನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವುದು. ಅದಕ್ಕಾಗಿ ಸುತ್ತು ಎಲ್ಲಿ ಶುರು ಎಂದು ತಿಳಿಯಲು ಶಾಫ್ಟಿನ ತಣ್ಣಗಿರುವ ತುದಿಗೆ ಒಂದು ಬಿಳಿ ಗುರುತು. ಒಂದು ಸುತ್ತಿನಲ್ಲಿ ಬಂದು ಇನ್ನೊಂದರಲ್ಲಿ ಬಾರದ ಗದ್ದಲ ಸರಾಸರಿಯಲ್ಲಿ ಕರಗುತ್ತದೆ, ಪ್ರತಿ ಸುತ್ತಿಗೂ ಬರುವ ನಿಜವಾದ ನಡುಕ ಉಳಿಯುತ್ತದೆ. ಎಂಎಸ್‌ಸಿಯಲ್ಲಿ ಕಲಿತ ಪಾಠ. ಅದರಲ್ಲಿ ತಪ್ಪೇನೂ ಇಲ್ಲ.

ಎರಡನೆಯ ಭೇಟಿಯಲ್ಲಿ ಗೆರೆ ಎಷ್ಟು ಚೆಂದ ಬಂತೆಂದರೆ ಮಾಲೀಕರು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಹತ್ತು ಸುತ್ತಿನ ಸರಾಸರಿಗಿಂತ ಐವತ್ತರದು ಸ್ವಚ್ಛ, ಐವತ್ತಕ್ಕಿಂತ ನೂರರದು. ಪ್ರತಿ ಸುತ್ತಿಗೊಮ್ಮೆ ಶಾಫ್ಟ್ ಜೋರಾಗಿ ಎಳೆಯುತ್ತಿತ್ತು. ಅನುಮತಿಸಿದ ಮಿತಿಗಿಂತ ಬಹಳ ಮೇಲೆ. ಸೊಟ್ಟ ಶಾಫ್ಟ್ ಹೇಗೆ ಕಾಣಬೇಕೋ ಹಾಗೇ. ನಾನು ಅಲ್ಲಿಯೇ ಕೂತು ವರದಿ ಬರೆದೆ: ಶಾಫ್ಟ್ ಬಾಗಿರುವ ಅಥವಾ ತೂಕ ಸಮವಾಗಿಲ್ಲದ ಸಾಧ್ಯತೆ ಹೆಚ್ಚು.

ಮಿಸ್ತ್ರಿ ಪರದೆಯನ್ನು ಬಹಳ ಹೊತ್ತು ನೋಡಿದರು. "ಎಷ್ಟ್ ಸಲಾ ಹಿಡದ್ರಿ?"

"ನೂರು."

"ಎಷ್ಟ್ ಜಾಗಾದಾಗ?"

"ಒಂದೇ ಕಡೆ. ಅಲುಗಾಡಿಸ್ಲಿಕ್ಕಿಲ್ಲ ಇದನ್ನು."

"ಒಂದ ಜಾಗಾದಾಗ ನೂರ್ ಸಲಾ ಕೇಳಿದ್ರ ನೂರ್ ಸಲಾನೂ ಅದನ್ನ ಹೇಳತೈತಿ, ಅಕ್ಕಾರ. ಹತ್ತ್ ಜಾಗಾದಾಗ ಒಂದೊಂದ್ ಸಲಾ ಕೇಳ್ಬೇಕು."

ಇದಕ್ಕೆ ನಾನು ಏನು ಹೇಳಿದೆನೋ ಡೈರಿಯಲ್ಲಿಲ್ಲ. ನಕ್ಕು ತಲೆಯಾಡಿಸಿರಬೇಕು. ನಮ್ಮಲ್ಲಿ ಓದಿದವರು ಹಾಗೆ ಮಾಡುತ್ತಾರೆ.

ವರದಿ ಮೂರು ದಿನದಲ್ಲಿ ಕೆಲಸ ಮಾಡಿತು. ಬ್ಲೋವರನ್ನು ಹೊರಗಿನ ಕಂಪನಿಯವರಿಗೆ ಬಿಚ್ಚಲು ಕೊಡುವುದೆಂದೂ, ಮಿಸ್ತ್ರಿಯ ಗೇಟ್ ಪಾಸನ್ನು ತಿಂಗಳ ಕೊನೆಯ ನಂತರ ನವೀಕರಿಸುವುದಿಲ್ಲವೆಂದೂ ತೀರ್ಮಾನವಾಯಿತು. ಅವರು ಕಾಂಟ್ರ್ಯಾಕ್ಟಿನವರು. ವಿಜಯಪುರದ ಕಡೆಯಿಂದ ಬಂದು ಉಲ್ಹಾಸನಗರದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ ಅದೇ ಗೇಟಿನಲ್ಲಿ ಒಳಹೊರಗೆ ಓಡಾಡಿದವರು. 'ಶಾಫ್ಟ್ ಸೊಟ್ಟ ಜೋಡಿಸಿದ ಮಿಸ್ತ್ರಿ' ಎಂಬ ಹೆಸರು ಆ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗಲು ಹೆಚ್ಚು ದಿನ ಬೇಡ. ನನಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದವರು ಮ್ಯಾನೇಜರ್, ನಮಗೆ ಶಹಭಾಸ್ ಹೇಳುತ್ತ.

ಖಂಡೇನವಮಿಗೆ ಕಾರ್ಖಾನೆ ಅರ್ಧ ದಿನ ನಿಲ್ಲಿಸಿ ಯಂತ್ರಗಳಿಗೆ ಪೂಜೆ ಮಾಡಿದರು. ಅದರ ಮರುವಾರ ನಾನು ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿಕೊಂಡು ಒಬ್ಬಳೇ ಠಾಣೆಯಿಂದ ವಾಶಿ ಲೋಕಲ್ ಹಿಡಿದು ಹೋದೆ. ಹೊರಗಿನವರು ಬಿಚ್ಚುವ ಮೊದಲು ಇನ್ನೊಂದು ಅಳತೆ ಬೇಕಿತ್ತು. ಬ್ಲೋವರಿನ ಬಾಯಿಗೆ ಚೆಂಡುಹೂವಿನ ಮಾಲೆ ಇನ್ನೂ ಇತ್ತು, ಒಣಗಿತ್ತು. ಶಾಫ್ಟ್ ಥಳಥಳ ಹೊಳೆಯುತ್ತಿತ್ತು. ನವಿರಾದ ಮರಳುಕಾಗದದಿಂದ ತಿಕ್ಕಿ, ಎಣ್ಣೆ ಒರೆಸಿ, ತುದಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ತಿಂಗಳ ಕೊನೆಗೆ ಹೊರಬೀಳಬೇಕಾದ ಮನುಷ್ಯ, ತನ್ನ ಹೆಸರು ಕೆಡಿಸಿದ ಶಾಫ್ಟನ್ನೇ ಕೂತು ತಿಕ್ಕಿದ್ದರು.

ಅಳತೆ ಅರ್ಧಕ್ಕರ್ಧ ಇಳಿದಿತ್ತು.

ನಾನು ಹಿಗ್ಗಿದೆ. ಹೊಸ ಆವೃತ್ತಿ ಗದ್ದಲ ತೆಗೆದುಹಾಕಿದೆ ಎಂದು ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮ್ಯಾನೇಜರ್ ಬಂದು ನೋಡಿ, "ಅರೇ, ಪೂಜಾ ಸೇ ಠೀಕ್ ಹೋ ಗಯಾ ಕ್ಯಾ?" ಎಂದು ನಕ್ಕರು. ನಾನೂ ನಕ್ಕು ಹೊಸ ಆವೃತ್ತಿಯ ಗುಣ ವಿವರಿಸಿದೆ. ಅವರು ಹೋದ ಮೇಲೆ ಮಿಸ್ತ್ರಿ ಕನ್ನಡದಲ್ಲಿ ಕೇಳಿದರು.

"ಸೊಟ್ಟ ಶಾಫ್ಟ್ ಕುಂಕುಮಾ ಹಚ್ಚಿದ್ರ ನೆಟ್ಟಗ ಆಗತೈತೇನ್ರಿ? ಆಗೂದಿದ್ರ ಹೇಳ್ರಿ, ನನ್ನ ಬೆನ್ನಿಗೂ ಹಚ್ಚಸ್ಕೋತೀನಿ."

ಅದರಲ್ಲಿ ಕೊಂಕು ಇತ್ತು, ಸಿಟ್ಟು ಇರಲಿಲ್ಲ. ಮರಳುವ ರೈಲಿನಲ್ಲಿ ಆ ಮಾತು ಬಿಡಲಿಲ್ಲ. ಎರಡೂ ದಿನದ ಮೂಲ ಸಿಗ್ನಲ್ ನನ್ನ ಬಳಿ ಇತ್ತು. ಹಳೆಯ ಆವೃತ್ತಿಯಲ್ಲಿ ಹೊಸ ದಿನದ ಸಿಗ್ನಲ್ ಹಾಕಿದರೆ ಏನು ಬರುತ್ತದೆ? ಮರುದಿನ ಬೆಳಿಗ್ಗೆ ಆಫೀಸಿಗೆ ಬಂದವಳೇ ಹಾಕಿದೆ. ಹಳೆಯದರಲ್ಲೂ ಅಷ್ಟೇ ಇಳಿದಿತ್ತು. ಹಳೆಯ ದಿನದ ಸಿಗ್ನಲನ್ನು ಹೊಸ ಆವೃತ್ತಿಗೆ ಹಾಕಿದೆ. ಅದು ಎತ್ತರದಲ್ಲೇ ಇತ್ತು. ನನ್ನ ಆವೃತ್ತಿ ಏನನ್ನೂ ಮಾಡಿರಲಿಲ್ಲ. ಶಾಫ್ಟ್ ನೆಟ್ಟಗಾಗಿರಲೂ ಇಲ್ಲ. ಬದಲಾದದ್ದು ಅದರ ಚರ್ಮ ಮಾತ್ರ. ಹಾಗಾದರೆ ನಾನು ಇಷ್ಟು ದಿನ ಅಳೆದದ್ದು ಚರ್ಮವನ್ನೇ?

ಈ ದಿನ ಡೈರಿಯಲ್ಲಿ ಮಂಗಳವಾರ. ಬುಧವಾರ ಒಂದೇ ಸಾಲು ಇದೆ: 'ಬೇರೆ ಫಿಲ್ಟರ್ ಪ್ರಯತ್ನ.' ಗುರುವಾರವೂ ಅದೇ. ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಹಳೆಯ ಸಿಗ್ನಲಿನಿಂದಲೂ ಸರಿಯಾದ ಉತ್ತರ ಹೊರಡಿಸುವ ಫಿಲ್ಟರ್ ಸಿಕ್ಕಿಬಿಟ್ಟರೆ ತಪ್ಪಾಗಿತ್ತೆಂದು ಹೇಳುವ ಪ್ರಮೇಯವೇ ಬರುವುದಿಲ್ಲ, ಎಂಬುದು ನನ್ನ ಹುನ್ನಾರವಾಗಿತ್ತು ಎಂದು ಈಗ ತೋರುತ್ತದೆ. ಆಗ ಅದನ್ನು ಶ್ರದ್ಧೆ ಎಂದುಕೊಂಡಿದ್ದೆ.

ಫಿಲ್ಟರ್ ಸಿಗಲಿಲ್ಲ. ಗುರುವಾರ ಮಧ್ಯಾಹ್ನ ಮಿಸ್ತ್ರಿಗೆ ಫೋನ್ ಮಾಡಿದೆ.

"ಹತ್ತು ಜಾಗ ಅಂದ್ರಲ್ಲ ಮಿಸ್ತ್ರಿಯವ್ರೇ. ಯಾಕೆ ಹಾಗೆ?"

ಅವರು ಊಟಕ್ಕೆ ಕೂತಿದ್ದರು. ಅಗಿಯುತ್ತಲೇ ಹೇಳಿದರು. ಡಯಲ್ ಎಂದರೆ ಗಡಿಯಾರದಂಥ ಮುಖ, ಕೆಳಗೊಂದು ಕಡ್ಡಿ. ಕಡ್ಡಿಯ ತುದಿಯನ್ನು ಶಾಫ್ಟಿಗೆ ತಾಗಿಸಿ ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ಸೊಟ್ಟ ಇದ್ದಷ್ಟು ಮುಳ್ಳು ಆಡುತ್ತದೆ. "ಆದ್ರ ಕಡ್ಡಿ ಒಂದು ಗೀರಿನ ಮ್ಯಾಲ ಬಿತ್ತಂದ್ರ ಆಗೂ ಆಡತೈತಿ. ಪ್ರತಿ ಸುತ್ತಿಗೂ ಅದ ಗೀರು ಬರತೈತಿ, ಅಷ್ಟ ಆಡತೈತಿ. ಹೊಸಾ ಹುಡುಗ್ರು ಶಾಫ್ಟ್ ಸೊಟ್ಟ ಅಂತ ಒದರತಾರ. ನಾವು ಡಯಲ್ ನಾಕ್ ಬೆರಳು ಸರಸ್ತೀವಿ. ಗೀರಾದ್ರ ಮುಳ್ಳು ಬ್ಯಾರೆ ಹೇಳತೈತಿ. ಸೊಟ್ಟಾದ್ರ ಎಲ್ಲಿ ಇಟ್ರೂ ಸೊಟ್ಟನ ಹೇಳತೈತಿ. ಸುಳ್ಳು ಜಾಗಾ ಬಿಟ್ಟು ಬರೂದಿಲ್ರಿ, ಅಕ್ಕಾರ."

ಫೋನ್ ಇಟ್ಟ ಮೇಲೆ ಹೊಳೆಯಿತು. ರವೆ ಮೇಲ್ಮೈಯ ಗೀರುಗಳಿಂದ ಹುಟ್ಟುತ್ತದೆ. ಶಾಫ್ಟ್ ಒಂದು ಸುತ್ತು ಮುಗಿಸಿದರೆ ಅದೇ ಗೀರುಗಳು, ಅದೇ ಕ್ರಮದಲ್ಲಿ ಲೇಸರಿನ ಮುಂದೆ ಬರುತ್ತವೆ, ಅದೇ ಕಾಳು, ಅದೇ ಕತ್ತಲೆ, ಅದೇ ಸುಳ್ಳು ಜಿಗಿತ, ಅದೇ ಹೊತ್ತಿಗೆ. ಸರಾಸರಿ ತೆಗೆದರೆ ಬದಲಾಗುವ ಗದ್ದಲ ಹೋಗುತ್ತದೆ. ಈ ಗದ್ದಲ ಬದಲಾಗುವುದೇ ಇಲ್ಲ. ನಾನು ನೂರು ಸುತ್ತು ತೆಗೆದಷ್ಟೂ ಸುಳ್ಳನ್ನು ತೊಳೆದು ಒರೆಸಿ ಹೊಳಪು ಕೊಟ್ಟಿದ್ದೆ.

ಪಕ್ಕದ ವರ್ಕ್‌ಶಾಪಿನಲ್ಲಿ ಲೇಥ್ ಇತ್ತು. ಒಂದು ಗಟ್ಟಿ ಸರಳನ್ನು ಎರಡೂ ತುದಿ ಬಿಗಿದು ತಿರುಗಿಸಲು ಕೇಳಿಕೊಂಡು, ಲೇಸರ್ ಬಿಟ್ಟೆ. ಒಂದು ಜಾಗದಲ್ಲಿ ಸ್ಥಿರವಾದ ಒಂದು ಗೆರೆ. ಒಂದು ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿಸಿದೆ: ಬೇರೆಯೇ ಗೆರೆ, ಅದೂ ಅಷ್ಟೇ ಸ್ಥಿರ. ಹತ್ತು ಜಾಗದ್ದನ್ನು ಕೂಡಿಸಿ ಸರಾಸರಿ ತೆಗೆದೆ. ಗೆರೆ ಕುಸಿದು ಹೆಚ್ಚುಕಡಿಮೆ ನೆಲ ಹಿಡಿಯಿತು. ಸರಳು ನಡುಗುತ್ತಿರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಮಾಲೀಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಯ್ತು, ಸರಿ ಮಾಡು. ಬ್ಲೋವರ್ ಬಿಚ್ಚುವ ಮೊದಲು ಪುನಃ ಅಳೆದು, ಸರಿಯಾದದ್ದು ಕೈಯಲ್ಲಿ ಇಟ್ಕೊಂಡೇ ಹೇಳುವ."

"ಮತ್ತೆ ಅಳೀಲಿಕ್ಕೆ ಬಿಡ್ಬೇಕಾದ್ರೆ ಯಾಕೆ ಅಂತ ಹೇಳ್ಬೇಕಲ್ಲ. ಮುಂದಿನ ವಾರ ತಿಂಗಳು ಮುಗೀತದೆ. ಮಿಸ್ತ್ರಿಯ ಪಾಸೂ ಮುಗೀತದೆ."

"ನಮ್ಮ ಆರ್ಡರೂ ಮುಗೀತದೆ, ಮಾರಾಯ್ತಿ. ಅದು ನಿನಗೆ ಕಾಣುದಿಲ್ವಾ?"

"ಕಾಣ್ತದೆ."

"ಹತ್ತು ಜಾಗದಲ್ಲಿ ತೆಗೆದ ಮೇಲೂ ಶಾಫ್ಟ್ ಸೊಟ್ಟ ಅಂತಲೇ ಬಂದ್ರೆ?"

"ಬರ್ಬಹುದು. ಆದ್ರೆ ಮೊದಲಿನ ವರದಿಯಲ್ಲಿ ಹಾಗೆ ಹೇಳ್ಲಿಕ್ಕೆ ನಮ್ಗೆ ಆಧಾರ ಇರ್ಲಿಲ್ಲ. ಅದು ಈಗ್ಲೇ ಗೊತ್ತುಂಟಲ್ಲ."

ಅವರು ಕಿಟಕಿಯ ಕಡೆ ತಿರುಗಿ ಕೂತರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. "ಆ ಮನುಷ್ಯ ಮರಳಿನ ಚೀಲ ಹೊತ್ಕೊಂಡು ಬಂದನಲ್ಲ," ಎಂದರು ಕೊನೆಗೆ, "ನಮ್ಮ ಟ್ರೈಪಾಡ್ ಸರಿ ಇಲ್ಲ ಅಂತ ಸಾಹೇಬ್ರಿಗೆ ಹೇಳಿ ನಮ್ಮನ್ನು ಅವತ್ತೇ ಓಡಿಸ್ಬಹುದಿತ್ತು. ಬರಿ ಬರಿ. ನಾನೇ ಸಹಿ ಹಾಕ್ತೇನೆ. ನಿನ್ನ ಸಹಿ ಬೇಡ, ಸಣ್ಣ ಪ್ರಾಯದವಳು ನೀನು." ಹೋಟೆಲ್ ಮನೆತನದ ಈ ಮನುಷ್ಯ ರವೆಯಲ್ಲಿ ಯಾಕೆ ಸಿರಿವಂತನಾಗಲಿಲ್ಲ ಎಂಬುದು ನನಗೆ ಆವತ್ತು ಗೊತ್ತಾಯಿತು.

ಪತ್ರದಲ್ಲಿ ಸುತ್ತುಬಳಸು ಇರಲಿಲ್ಲ. ನಮ್ಮ ಮೊದಲ ವರದಿಯನ್ನು ನಂಬಬೇಡಿ, ಬ್ಲೋವರ್ ಬಿಚ್ಚುವ ಮೊದಲು ಒಂದು ಗಂಟೆ ಕೊಡಿ. ಮ್ಯಾನೇಜರ್ ಸಿಟ್ಟಾದರು, ಆಗಬೇಕಾದ್ದೇ. ಆದರೂ ಒಂದು ಗಂಟೆ ಕೊಟ್ಟರು.

ಈಗ ಲೇಸರನ್ನು ಶಾಫ್ಟಿನ ಉದ್ದಕ್ಕೂ ಅಕ್ಕಿಕಾಳಿನಷ್ಟು ಅಳತೆಯಲ್ಲಿ ಸರಿಸುವ ಏರ್ಪಾಡು ಬೇಕಾಗಿತ್ತು. ಕೈಯಿಂದ ಸರಿಸಿದರೆ ಕಿರಣ ಓರೆಯಾಗುತ್ತದೆ. ಮಿಸ್ತ್ರಿಗೆ ಹೇಳಿದೆ. ಮರುದಿನ ಅವರು ಉಲ್ಹಾಸನಗರದ ಗುಜರಿಯಿಂದ ಹಳೆಯ ಲೇಥಿನ ಒಂದು ಜಾರುಪಟ್ಟಿ ತಂದಿದ್ದರು, ಹಿಡಿಕೆ ತಿರುವಿದರೆ ನವಿರಾಗಿ ಸರಿಯುವಂಥದ್ದು, ಹಿಡಿಕೆಯ ಸುತ್ತ ಗೀಟು ಕೊರೆದ ಅಳತೆ. ನಮ್ಮ ಟ್ರೈಪಾಡಿಗೆ ಕೂರುವ ಹಾಗೆ ಅಡಿಗೆ ತೂತೂ ಕೊರೆಸಿದ್ದರು. ಟ್ರೈಪಾಡನ್ನು ಅವರು ಕಣ್ಣಲ್ಲಿ ನೋಡಿದ್ದಷ್ಟೇ, ತೂತಿನ ಅಳತೆ ತಪ್ಪಿರಲಿಲ್ಲ.

ಆ ಒಂದು ಗಂಟೆಯಲ್ಲಿ ಹಿಡಿಕೆ ಅವರ ಕೈಯಲ್ಲಿತ್ತು, ಕೀಲಿಮಣೆ ನನ್ನ ಕೈಯಲ್ಲಿ. ನಾನು "ಹೂಂ" ಎಂದರೆ ಅವರು ಎರಡು ಗೀಟು ತಿರುವಿ ಕೈ ತೆಗೆಯುತ್ತಿದ್ದರು. ಉಸಿರೂ ತಾಗದ ಹಾಗೆ ಹಿಂದೆ ಸರಿದು ನಿಲ್ಲುತ್ತಿದ್ದರು. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. ಪ್ರತಿ ಜಾಗದಲ್ಲೂ ಹತ್ತು ಸುತ್ತು. ಮೊದಲ ಜಾಗದಲ್ಲಿ ಎತ್ತರ, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಮತ್ತೆ ಎತ್ತರ ಆದರೆ ಬೇರೆ ದಿಕ್ಕಿಗೆ. ಸೊಟ್ಟ ಶಾಫ್ಟ್ ಹೀಗೆ ನುಡಿ ಬದಲಿಸುವುದಿಲ್ಲ. ಹತ್ತನ್ನೂ ಕೂಡಿಸಿದಾಗ ಉಳಿದದ್ದು ಮಿತಿಯ ಒಳಗೆ, ಸಾಕಷ್ಟು ಒಳಗೆ ಇತ್ತು.

"ಔರ್ ವೋ ಪೈರ್?" ಎಂದರು ಮ್ಯಾನೇಜರ್. ಮಿಸ್ತ್ರಿ ಹೇಳಿದ್ದ ಆ ಮೂಲೆಯ ಕಾಲನ್ನು ಅವರೇ ತೋರಿಸಿದರು. ಅವರು ಅದನ್ನು ಮರೆತಿರಲಿಲ್ಲ.

ಬ್ಲೋವರಿನ ನಾಲ್ಕು ಕಾಲುಗಳ ಮೇಲೂ ಲೇಸರ್ ಬಿಟ್ಟೆವು. ಕಾಲು ತಿರುಗುವುದಿಲ್ಲ, ಅಲ್ಲಿ ರವೆ ಓಡುವುದಿಲ್ಲ, ಅಳತೆ ನಂಬಬಹುದು. ಮೂರು ಕಾಲು ಸುಮ್ಮನಿದ್ದವು. ಮೂಲೆಯದು ಪ್ರತಿ ಸುತ್ತಿಗೂ ಎದ್ದು ಕೂರುತ್ತಿತ್ತು. ಮ್ಯಾನೇಜರ್ ಪರದೆ ನೋಡಿದರು, ಬಗ್ಗಿ ಕಾಲಿನ ಕೆಳಗೆ ಬೆರಳಿಟ್ಟು ನೋಡಿದರು. ಎದ್ದು ಕೈ ಒರೆಸಿಕೊಂಡು, ಶನಿವಾರದಿಂದ ನಾಲ್ಕು ದಿನ ಬಂದ್, ಸಿಮೆಂಟ್ ಒಡೆದು ಕಟ್ಟಿಸುವುದು ಎಂದರು. ಮಿಸ್ತ್ರಿಗೆ, "ತುಮ್ ಕರೋಗೇ. ಪಾಸ್ ಕಾ ಮೈ ದೇಖತಾ ಹೂಂ" ಎಂದರು, ಕೆಲಸ ನೀನೇ ಮಾಡು, ಪಾಸು ನಾನು ನೋಡಿಕೊಳ್ಳುತ್ತೇನೆ ಎಂದು. ಕ್ಷಮೆ ಎಂಬ ಮಾತು ಬರಲಿಲ್ಲ. ನಾನೂ ಕೇಳಿರಲಿಲ್ಲವಲ್ಲ ಎಂದು ಅಲ್ಲೇ ನೆನಪಾಗಿ, ಮಿಸ್ತ್ರಿಯ ಕಡೆ ತಿರುಗಿ ಹೇಳಿದೆ. ಏನು ಹೇಳಿದೆನೋ ಡೈರಿಯಲ್ಲಿಲ್ಲ. ಅವರ ಉತ್ತರ ಇದೆ: "ಇರ್ಲಿ ಬಿಡ್ರಿ. ಮಶೀನ್ ಅಂದ ಮ್ಯಾಲ ಕಲೀತಾವ."

ಅವರು ಹೇಳಿದ್ದು ನಮ್ಮ ಉಪಕರಣವನ್ನು ಕುರಿತೋ ನನ್ನನ್ನು ಕುರಿತೋ ನಾನು ವಿಚಾರಿಸಲಿಲ್ಲ.

ಕಾರ್ಖಾನೆ ಎರಡರ ಬದಲು ಒಂದೇ ಉಪಕರಣ ತೆಗೆದುಕೊಂಡಿತು, ಜಾರುಪಟ್ಟಿ ಸಮೇತ. ಅಲ್ಲಿಂದೀಚೆಗೆ ಆ ಕಂಪನಿಯ ಪ್ರತಿ ಉಪಕರಣದ ಜೊತೆಗೂ ಒಂದು ಜಾರುಪಟ್ಟಿ ಹೋಗುತ್ತದೆ. ಸುಳ್ಳು ಅಳತೆ ಇಳಿದದ್ದು ಖಂಡೇನವಮಿಗೆ ಶಾಫ್ಟ್ ತಿಕ್ಕಿದ್ದರಿಂದಲೋ, ಆ ದಿನ ನಾನು ಟ್ರೈಪಾಡನ್ನು ಒಂದು ಬೆರಳು ಆಚೆ ಇಟ್ಟದ್ದರಿಂದಲೋ, ನನಗೆ ಇಂದಿಗೂ ಖಚಿತವಿಲ್ಲ. ಕಥೆ ಹೇಳುವಾಗ ಮಾತ್ರ ತಿಕ್ಕಿದ್ದರಿಂದಲೆಂದೇ ಹೇಳುತ್ತ ಬಂದಿದ್ದೇನೆ, ಅದು ಕೇಳಲು ಚೆನ್ನಾಗಿದೆ.

ಹತ್ತು ಜಾಗದಲ್ಲಿ ಅಳೆದ ದಿನ ಸಂಜೆ ಹೊರಡುವ ಮೊದಲು ಮಿಸ್ತ್ರಿ ಗೇಟಿನ ಬಳಿಯ ಚಹಾದ ಗಾಡಿಯಲ್ಲಿ ನನ್ನನ್ನು ನಿಲ್ಲಿಸಿದರು.

"ಅಕ್ಕಾರ, ಮದಲಿನ ಕಾಗದಾ ಯಾರ್ಯಾರಿಗೆ ಹೋಗಿತ್ರಿ?"

ನಾನು ಯೋಚಿಸಿಯೇ ಇರಲಿಲ್ಲ. ಮೊಬೈಲ್ ತೆಗೆದು ನೋಡಿದೆ. ಮ್ಯಾನೇಜರ್, ಅವರ ಮೇಲಿನವರು, ಹೆಡ್ ಆಫೀಸ್, ಮಿಸ್ತ್ರಿಯ ಕಾಂಟ್ರ್ಯಾಕ್ಟರ್, ಬಿಚ್ಚಲು ಬರಬೇಕಿದ್ದ ಹೊರಗಿನ ಕಂಪನಿ. ಐದು ಕಡೆ.

"ಹಂಗಾರ ಇವತ್ತಿನ ಕಾಗದಾನೂ ಆ ಐದೂ ಕಡೆ ಹೋಗಬೇಕು."

ಹೌದಲ್ಲ ಎನ್ನಿಸಿತು. ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಇಂಗ್ಲಿಷಿನಲ್ಲಿ ಬರೆದೆ. "ಏನ್ ಬರದ್ರಿ, ಓದಿ ಹೇಳ್ರಿ" ಎಂದರು. ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಗ್ಲಾಸನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೇಳಿದರು. ಹತ್ತು ಜಾಗದ ವಿಷಯ, ಮೂಲೆಯ ಕಾಲಿನ ವಿಷಯ. ಕೊನೆಯ ಸಾಲಿಗೆ ಬಂದೆ: 'ಆದ್ದರಿಂದ ಶಾಫ್ಟ್ ಈಗ ನೆಟ್ಟಗಿದೆ ಎಂದು ತಿಳಿಸುತ್ತೇವೆ.'

ಅವರು ತಲೆ ಎತ್ತಿದರು.

"ಈಗ ಅಂತ ಬರದೀರೇನು?"

"ಹೌದು."

"ಈಗ ನೆಟ್ಟಗ ಅಂದ್ರ ಆಗ ಸೊಟ್ಟ ಇತ್ತು, ಆಮ್ಯಾಲ ಯಾರೋ ನೆಟ್ಟಗ ಮಾಡಿದ್ರು ಅಂದಂಗ ಆತಲ್ರಿ. ನಾ ಜೋಡಿಸಿದ ದಿನಾನೂ ಅದು ನೆಟ್ಟಗ ಇತ್ತು."

ನಾನು ಸಾಲನ್ನು ಅಳಿಸಿ, ಜೋಡಿಸಿದ ದಿನದಿಂದಲೂ ಶಾಫ್ಟ್ ನೆಟ್ಟಗಿತ್ತು, ತಪ್ಪು ನಮ್ಮ ಅಳತೆಯದು ಎಂದು ಬರೆದೆ. ಮತ್ತೊಮ್ಮೆ ಓದಿ ಹೇಳಿದೆ. ಅವರು ಉಳಿದ ಚಹಾ ಕುಡಿದು ಗ್ಲಾಸ್ ಬೆಂಚಿನ ಮೇಲಿಟ್ಟರು.

"ಹಾಂ. ಈಗ ಕಳಸ್ರಿ."